ಊಟ ಆದಮೇಲೆ ಯಾವುದು ಹಚ್ಚೋಣ? ಫ್ಯಾಂಟಸಿ ಸೀರೀಸ್ ಆರಿಸಿಕೊಳ್ಳುವವರಿಗೆ

ಬಾಗಲಕೋಟೆ ಕಡೆಯ ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ದೊಡ್ಡ ಕಥೆ ಹೊಸದೇನಲ್ಲ. ಊಟ ಮುಗಿಸಿ ಕೂತರೆ ನಸುಕಿನವರೆಗೆ ಆಟ. ದೇವಲೋಕದ ಒಂದು ಹೂವು, ಅದಕ್ಕಾಗಿ ರುಕ್ಮಿಣಿ–ಸತ್ಯಭಾಮೆಯರ ಮುನಿಸು, ನಡುವೆ ಕಡ್ಡಿ ಆಡಿಸುವ ನಾರದ. ಯಾರಿಗೆ ಯಾರು ಏನಾಗಬೇಕು ಎಂಬ ಎಳೆ ತಪ್ಪಿದರೆ ಭಾಗವತ ಇದ್ದಾನೆ, ದೂತಿ ಇದ್ದಾಳೆ. ನಗಿಸುತ್ತಲೇ ದಾರಿಗೆ ತರುತ್ತಾರೆ.

ಇಂಗ್ಲಿಷಿನ ಫ್ಯಾಂಟಸಿ ಸೀರೀಸ್‌ಗಳಲ್ಲಿ ಆ ದೂತಿ ಇಲ್ಲ. ಮೊದಲ ಎಪಿಸೋಡಿನಲ್ಲೇ ಇಪ್ಪತ್ತು ಹೆಸರು, ನಾಲ್ಕೈದು ಊರು, ಹಳೆಯ ಎರಡು ವೈರ ಎದುರಿಗೆ ಸುರಿದು ಮುಂದೆ ಹೋಗಿಬಿಡುತ್ತಾರೆ. ಹಾಗಾಗಿ ಯಾವುದು ಶ್ರೇಷ್ಠ ಎಂಬ ವಾದಕ್ಕಿಂತ ಯಾವುದನ್ನು ಮೊದಲು ಹಚ್ಚಬೇಕು ಎಂಬುದೇ ಮುಖ್ಯ. ಮೊದಲನೆಯದು ಕೈಕೊಟ್ಟರೆ ಎರಡನೆಯದಕ್ಕೆ ಮನೆಯಲ್ಲಿ ಯಾರೂ ಜೊತೆಗೆ ಕೂಡುವುದಿಲ್ಲ.

ಪಕ್ಷಪಾತ ಮೊದಲೇ ಹೇಳಿಬಿಡುವುದು ವಾಸಿ. ಇಲ್ಲಿ ಬರುವ ಎಲ್ಲದರಲ್ಲೂ ಮೆಚ್ಚಿನದು, ಗಾದಿಗಾಗಿ ದೊಡ್ಡ ಮನೆತನಗಳು ಹೊಡೆದಾಡುವ ಗೇಮ್ ಆಫ್ ಥ್ರೋನ್ಸ್. ಕೊನೆಯ ಎರಡು ಸೀಸನ್ ಕೆಟ್ಟರೂ ಆ ಮೆಚ್ಚುಗೆ ಕರಗಿಲ್ಲ. ಆದರೆ ಎಲ್ಲರ ಮನೆಯಲ್ಲೂ ಮೊದಲು ಹಚ್ಚಬೇಕಾದದ್ದು ಅದಲ್ಲ.

ಪಕ್ಕದಲ್ಲಿ ಯಾರು ಕೂತಿದ್ದಾರೆ?

ಇದು ಮೊದಲ ಪ್ರಶ್ನೆ, ಬಹಳ ಸಲ ಕೊನೆಯದೂ ಹೌದು. ಗೇಮ್ ಆಫ್ ಥ್ರೋನ್ಸ್‌ನ ಮೊದಲ ಎಪಿಸೋಡ್ ಒಂದೇ ತಾಸಿನದು. ಅಷ್ಟರಲ್ಲೇ ತಲೆ ಕಡಿಯುವುದಿದೆ, ಸೂಳೆಗೇರಿಯ ದೃಶ್ಯವಿದೆ, ಒಲ್ಲದ ಹುಡುಗಿಯ ಮೊದಲ ರಾತ್ರಿಯಿದೆ, ಅಣ್ಣ–ತಂಗಿ ಇರಬಾರದ ರೀತಿಯಲ್ಲಿ ಇರುವುದೂ ಇದೆ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ, ಹೊರಗೆ ಬರುವುದಿಲ್ಲ ಎಂಬ ಧೈರ್ಯದ ಮೇಲೆ ನೋಡುವ ಸೀರೀಸ್ ಅಲ್ಲ. ದಿ ವಿಚರ್ ಸಹ ಅದೇ ಸಾಲಿನದು. ಇವೆರಡಕ್ಕೆ ಇಯರ್‌ಫೋನ್, ಫೋನ್, ಮಹಡಿಯ ಕೋಣೆ.

ಗೇಮ್ ಆಫ್ ಥ್ರೋನ್ಸ್ ಲೋಕದ್ದೇ ಹಿಂದಿನ ಕಾಲದ ಕಥೆಯಾದ ಹೌಸ್ ಆಫ್ ದಿ ಡ್ರ್ಯಾಗನ್ ಬಗ್ಗೆ ಬೇರೆಯೇ ಎಚ್ಚರಿಕೆ ಬೇಕು. ಇದರಲ್ಲಿ ಬೆತ್ತಲೆ ಗೇಮ್ ಆಫ್ ಥ್ರೋನ್ಸ್‌ಗಿಂತ ಕಡಿಮೆ, ಆದರೆ ಹೆರಿಗೆಯ ದೃಶ್ಯಗಳು ಕರುಳು ಹಿಂಡುತ್ತವೆ. ಮೊದಲ ಸೀಸನ್ನಿನ 1, 6 ಮತ್ತು 10ನೇ ಎಪಿಸೋಡುಗಳು. ಮನೆಯಲ್ಲಿ ಬಸುರಿ ಇದ್ದರೆ, ಇತ್ತೀಚೆಗೆ ಅಂಥ ನೋವು ಕಂಡವರು ಇದ್ದರೆ, ಅವರ ಎದುರಿಗೆ ಈ ಮೂರನ್ನು ಹಚ್ಚಬೇಡಿ.

ಎಲ್ಲರೂ ಸಾಲಾಗಿ ಕೂತು ನೋಡುವುದಕ್ಕೆ ಎರಡು ಒಳ್ಳೆಯವು ಇವೆ. ಒಂದು, ಮರ್ಲಿನ್. 2008ರಿಂದ 2012ರವರೆಗೆ ಬಿಬಿಸಿಯಲ್ಲಿ ಬಂದದ್ದು. ಐದು ಸೀಸನ್, ಸೀಸನ್ನಿಗೆ 13, ಒಟ್ಟು 65 ಎಪಿಸೋಡ್, ಒಂದೊಂದು ಮುಕ್ಕಾಲು ತಾಸು. ಮಾಟಮಂತ್ರಕ್ಕೆ ಮರಣದಂಡನೆ ಇರುವ ರಾಜ್ಯ. ಆ ರಾಜನ ಮಗ ಆರ್ಥರನಿಗೇ ಮಾಂತ್ರಿಕ ಹುಡುಗ ಮರ್ಲಿನ್ ಆಳು. ಗುಟ್ಟು ಬಯಲಾದರೆ ಜೀವ ಹೋಗುತ್ತದೆ, ಗುಟ್ಟು ಬಳಸದಿದ್ದರೆ ಯಜಮಾನನ ಜೀವ ಹೋಗುತ್ತದೆ. ಇಷ್ಟು ಗೊತ್ತಿದ್ದರೆ ಆಯಿಯೂ ಮೊಮ್ಮಗಳೂ ಯಾವ ಎಪಿಸೋಡಿನಿಂದ ಬೇಕಾದರೂ ಕೂತು ನೋಡಬಹುದು. ದೋಷ ಇಲ್ಲದಿಲ್ಲ. ಮೊದಲ ಎರಡು ಸೀಸನ್ನಿನಲ್ಲಿ ಮರ್ಲಿನ್ ಮಂತ್ರ ಹಾಕುವ ಹೊತ್ತಿಗೆ ಸರಿಯಾಗಿ ಆರ್ಥರ್ ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪುತ್ತಾನೆ. ಮೂರನೇ ಸಲಕ್ಕೆ ನಗು ಬರುತ್ತದೆ. ಕಂಪ್ಯೂಟರಿನಲ್ಲಿ ಮಾಡಿದ ಮೃಗಗಳು ಆ ಕಾಲದ ಟಿವಿಯ ಬಜೆಟ್ಟಿನವು. ಕೋಟೆ ಮಾತ್ರ ಖರೇ ಕೋಟೆ, ಫ್ರಾನ್ಸಿನ ಪಿಯರ್‌ಫೋನ್. ನಾಲ್ಕನೇ ಸೀಸನ್ನಿನಿಂದ ಕಥೆ ಗಟ್ಟಿಯಾಗುತ್ತದೆ, ಕತ್ತಲೂ ಆಗುತ್ತದೆ.

ಇನ್ನೊಂದು, ಅವತಾರ್: ದಿ ಲಾಸ್ಟ್ ಏರ್‌ಬೆಂಡರ್. ಕಾರ್ಟೂನ್ ಎಂದು ಮೂಗು ಮುರಿಯುವವರು ಒಂದು ವಾರ ಸುಮ್ಮನೆ ಕೂತು ನೋಡಲಿ. 2005ರಿಂದ 2008ರವರೆಗೆ ಬಂದದ್ದು; ಜಲ, ಭೂಮಿ, ಅಗ್ನಿ ಎಂದು ಮೂರು ಭಾಗ, ಕ್ರಮವಾಗಿ 20, 20, 21 ಎಪಿಸೋಡ್. ಒಂದೊಂದು 23 ನಿಮಿಷ. ದಿನಕ್ಕೆ ಎರಡು ಹಚ್ಚಿದರೆ ಒಂದು ತಿಂಗಳಿಗೆ ಸರಿಹೋಗುತ್ತದೆ. ಅವತಾರ ಎಂಬ ಮಾತು, ಪಂಚಭೂತದಲ್ಲಿ ನಾಲ್ಕು, ಎರಡನೇ ಭಾಗದ 19ನೇ ಎಪಿಸೋಡಿನಲ್ಲಿ ಒಬ್ಬ ಗುರು ಹುಡುಗನಿಗೆ ಏಳು ಚಕ್ರ ಬಿಡಿಸಿ ಹೇಳುವುದು, ಇವಕ್ಕೆಲ್ಲ ನಮ್ಮ ಮನೆಯ ಹಿರಿಯರಿಗೆ ಟಿಪ್ಪಣಿ ಬೇಕಾಗುವುದಿಲ್ಲ. ಮೊದಲ ಭಾಗದ 11ನೇ ಎಪಿಸೋಡ್ ಬಿಟ್ಟರೂ ಏನೂ ತಪ್ಪುವುದಿಲ್ಲ. 12ನೆಯದನ್ನು ಮಾತ್ರ ಬಿಡಬೇಡಿ, ಕಥೆ ನಿಜವಾಗಿ ಬೇರು ಬಿಡುವುದು ಅಲ್ಲಿ. ಇದೇ ಹೆಸರಲ್ಲಿ 2024ರಲ್ಲಿ ನಟರನ್ನಿಟ್ಟು ತೆಗೆದ ಸೀರೀಸ್ ಇದೆ. ಇಪ್ಪತ್ತು ಎಪಿಸೋಡಿನ ಕಥೆಯನ್ನು ಎಂಟಕ್ಕೆ ಅದುಮಿದ್ದರಿಂದ ಮಕ್ಕಳು ಆಟವಾಡುವ ಹೊತ್ತೇ ಅದರಲ್ಲಿ ಇಲ್ಲ. ಹುಡುಕುವಾಗ ವರ್ಷ ನೋಡಿ, ಕಾರ್ಟೂನನ್ನೇ ಹಚ್ಚಿ.

ಹತ್ತು–ಹನ್ನೆರಡು ದಾಟಿದ ಮಕ್ಕಳಿಗೆ ಹಿಸ್ ಡಾರ್ಕ್ ಮಟೀರಿಯಲ್ಸ್ ಹೊಂದುತ್ತದೆ. ಅಲ್ಲಿ ಪ್ರತಿ ಮನುಷ್ಯನ ಜೀವ ಒಂದು ಪ್ರಾಣಿಯಾಗಿ ಅವನ ಪಕ್ಕದಲ್ಲೇ ಓಡಾಡುತ್ತದೆ. ಮಕ್ಕಳದು ಗಳಿಗೆಗೊಂದು ರೂಪ, ದೊಡ್ಡವರಾದ ಮೇಲೆ ಒಂದೇ ರೂಪ. ಆ ಪ್ರಾಣಿಯನ್ನು ಮಗುವಿನಿಂದ ಬೇರ್ಪಡಿಸುವ ಭಾಗ ಸಣ್ಣವರಿಗೆ ಬೇಡ.

ಮುಗಿದಿದೆಯೋ, ನಡುದಾರಿಯಲ್ಲಿ ನಿಂತಿದೆಯೋ?

ಫ್ಯಾಂಟಸಿ ಸೀರೀಸ್ ತಯಾರಿಸುವುದು ಬಹಳ ದುಬಾರಿ. ನೋಡುವವರು ಖರ್ಚಿಗೆ ತಕ್ಕಷ್ಟು ಇಲ್ಲ ಎನಿಸಿದ ಕೂಡಲೇ ಕಂಪನಿಯವರು ಕೈಬಿಡುತ್ತಾರೆ. ಹಾಗಾಗಿ ಹಚ್ಚುವ ಮೊದಲೇ ಇದನ್ನು ತಿಳಿದುಕೊಳ್ಳಬೇಕು.

ದಿ ವೀಲ್ ಆಫ್ ಟೈಮ್ ಇದಕ್ಕೆ ದೊಡ್ಡ ಉದಾಹರಣೆ. ಪುಸ್ತಕಗಳು ಹದಿನಾಲ್ಕು, ಬರೆಯುತ್ತಿದ್ದ ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡಮೇಲೆ ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆ ಮುಟ್ಟಿಸಿದರು. ಟಿವಿಯಲ್ಲಿ ಮಾತ್ರ 2021ರಿಂದ 2025ರವರೆಗೆ ಮೂರು ಸೀಸನ್, 24 ಎಪಿಸೋಡ್ ಬಂದು ರದ್ದಾಯಿತು. ಕಥೆ ನಾಲ್ಕನೇ ಪುಸ್ತಕದ ಹತ್ತಿರ ನಿಂತಿದೆ. ಕಾಲ ಚಕ್ರದಂತೆ ತಿರುಗುತ್ತದೆ, ಸತ್ತವರು ಮತ್ತೆ ಹುಟ್ಟಿ ಅದೇ ಯುದ್ಧಕ್ಕೆ ನಿಲ್ಲುತ್ತಾರೆ ಎಂಬುದು ಯುಗಗಳ ಲೆಕ್ಕ ಕೇಳಿ ಬೆಳೆದ ನಮಗೆ ಬೇಗ ಹಿಡಿಸುತ್ತದೆ, ಅದಕ್ಕೇ ಹೊಟ್ಟೆ ಉರಿಯುತ್ತದೆ. ಮೊದಲ ಸೀಸನ್ನಿನ ಕೊನೆಯ ಎರಡು ಎಪಿಸೋಡ್ ತೇಪೆ ಹಾಕಿದಂತೆ ಕಾಣುವುದಕ್ಕೂ ಕಾರಣವಿದೆ. ಮ್ಯಾಟ್ ಪಾತ್ರದ ನಟ ಚಿತ್ರೀಕರಣದ ನಡುವೆಯೇ ಹೊರಗೆ ಹೋದ, ಮೇಲೆ ಕೋವಿಡ್ ಬಂತು. ಇದ್ದ ಕಥೆಯನ್ನು ಕತ್ತರಿಸಿ ಹೊಲಿದರು. ಎರಡನೇ ಸೀಸನ್ನಿಗೆ ಆ ಪಾತ್ರಕ್ಕೆ ಬೇರೆ ನಟ. ಮೂರನೇ ಸೀಸನ್ನಿನ 4ನೇ ಎಪಿಸೋಡ್ ಮಾತ್ರ ಈ ಪ್ರಕಾರದ ಅತ್ಯುತ್ತಮ ತಾಸುಗಳಲ್ಲಿ ಒಂದು. ಅದಕ್ಕಾಗಿಯೇ ನೋಡುವವರು ನೋಡಲಿ, ಕೊನೆ ಬೇಕು ಎನ್ನುವವರು ಬಿಡಲಿ. ಶ್ಯಾಡೋ ಅಂಡ್ ಬೋನ್ ಸಹ ಹೀಗೇ, 16 ಎಪಿಸೋಡಿಗೆ ನಿಂತಿತು.

ಪೂರ್ತಿ ಮುಗಿದವು ಗೇಮ್ ಆಫ್ ಥ್ರೋನ್ಸ್ (73 ಎಪಿಸೋಡ್), ಮರ್ಲಿನ್, ಅವತಾರ್ ಕಾರ್ಟೂನ್, ಹಿಸ್ ಡಾರ್ಕ್ ಮಟೀರಿಯಲ್ಸ್. ಕೊನೆಯದು ಮೂರು ಸೀಸನ್ನಿನ 23 ಎಪಿಸೋಡ್, ಹೇಳಬೇಕಾದ್ದನ್ನೆಲ್ಲ ಹೇಳಿ ನಿಂತದ್ದು. ಒಂದೇ ತಿಂಗಳಲ್ಲಿ ಆರಂಭದಿಂದ ಅಂತ್ಯದವರೆಗೆ ಒಂದು ಕಥೆ ಬೇಕೆಂದರೆ ಇದೇ ಸರಿ. ಲಾರ್ಡ್ ಆಫ್ ದಿ ರಿಂಗ್ಸ್‌ನ ಹಿಂದಿನ ಕಾಲದ ಕಥೆ ಹೇಳುವ ರಿಂಗ್ಸ್ ಆಫ್ ಪವರ್ ಐದು ಸೀಸನ್ನಿನ ಯೋಜನೆಯದು. 2022 ಮತ್ತು 2024ರಲ್ಲಿ ಬಂದ ಎರಡು ಸೀಸನ್ ಸೇರಿ 16 ಎಪಿಸೋಡ್.

ದಿ ವಿಚರ್‌ನಲ್ಲಿ ತೊಡಕು ಬೇರೆ. ಮೂರು ಸೀಸನ್ ನಾಯಕನಾಗಿದ್ದ ಹೆನ್ರಿ ಕ್ಯಾವಿಲ್ ಬಿಟ್ಟು, 2025ರ ನಾಲ್ಕನೇ ಸೀಸನ್ನಿನಲ್ಲಿ ಲಿಯಾಮ್ ಹೆಮ್ಸ್‌ವರ್ತ್ ಬಂದ. ಅದಕ್ಕಿಂತ ಮೊದಲೇ, ಮೊದಲ ಸೀಸನ್ನಿನಲ್ಲೇ ಜನ ದಾರಿ ತಪ್ಪುತ್ತಾರೆ. ನಾಯಕ ಗೆರಾಲ್ಟ್, ಮಾಂತ್ರಿಕೆ ಯೆನ್ನೆಫರ್, ರಾಜಕುಮಾರಿ ಸಿರಿ, ಈ ಮೂವರ ಕಥೆಗಳು ಮೂರು ಬೇರೆ ಬೇರೆ ಕಾಲದಲ್ಲಿ ನಡೆಯುತ್ತಿರುತ್ತವೆ, ಆದರೆ ಪರದೆಯ ಮೇಲೆ ವರ್ಷ ಬರೆದಿರುವುದಿಲ್ಲ. ಗುರುತು ಹೀಗೆ ಹಿಡಿಯಿರಿ: 1ನೇ ಎಪಿಸೋಡಿನಲ್ಲಿ ಸತ್ತ ರಾಣಿ ಕ್ಯಾಲಾಂಥೆ 4ನೆಯದರಲ್ಲಿ ಗಟ್ಟಿಮುಟ್ಟಾಗಿ ಮಗಳ ಸ್ವಯಂವರ ನಡೆಸುತ್ತಾಳೆ. 3ನೆಯದರಲ್ಲಿ ಗೆರಾಲ್ಟನ ಕಥೆಯಲ್ಲಿ ಮಧ್ಯವಯಸ್ಸಿನ ರಾಜನಾಗಿರುವ ಫೋಲ್ಟೆಸ್ಟ್, ಅದೇ ಎಪಿಸೋಡಿನ ಯೆನ್ನೆಫರ್ ಕಥೆಯಲ್ಲಿ ಸಣ್ಣ ಹುಡುಗ. ಸಿರಿಯದು ಈಗಿನ ಕಾಲ, ಗೆರಾಲ್ಟನದು ಅದಕ್ಕಿಂತ ಹಿಂದೆ, ಯೆನ್ನೆಫರಳದು ಇನ್ನೂ ಹಿಂದೆ ಶುರುವಾಗಿ ಬರುತ್ತದೆ. ಇಷ್ಟು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಸಾಕು.

ಗೇಮ್ ಆಫ್ ಥ್ರೋನ್ಸ್: ಹೇಗೆ ಹಿಡಿಯಬೇಕು, ಎಲ್ಲಿ ಬಿಡಬೇಕು

ಇದನ್ನು ಮೂರನೇ ಎಪಿಸೋಡಿಗೆ ಬಿಡುವವರ ದೂರು ಒಂದೇ: ಹೆಸರು ನೆನಪು ಉಳಿಯುವುದಿಲ್ಲ. ನಮ್ಮ ಕಡೆಯವರಿಗೆ ಇದರಲ್ಲಿ ಒಂದು ಅನುಕೂಲ ಉಂಟು. ಬೆಳಗಾವಿ–ವಿಜಯಪುರದಲ್ಲಿ ಮನುಷ್ಯನನ್ನು ಗುರುತಿಸುವುದು ಅಡ್ಡಹೆಸರಿನಿಂದ. ಮೆಣಸಿನಕಾಯಿ ಅವರ ಮನೆಯವನೋ, ಉಳ್ಳಾಗಡ್ಡಿ ಅವರ ಮನೆಯವನೋ ಎಂದು ಮೊದಲು ಕೇಳಿ, ಆಮೇಲೆ ಹೆಸರು. ಇಲ್ಲೂ ಹಾಗೇ ಮಾಡಿ. ಮೊದಲ ಮೂರು ಎಪಿಸೋಡಿಗೆ ನಾಲ್ಕೇ ಅಡ್ಡಹೆಸರು ಸಾಕು: ಸ್ಟಾರ್ಕ್ ಉತ್ತರದವರು, ತೋಳದ ಗುರುತು; ಲ್ಯಾನಿಸ್ಟರ್ ದುಡ್ಡಿನವರು, ಸಿಂಹ; ಬ್ಯಾರಾಥಿಯನ್ ಈಗ ಗಾದಿಯ ಮೇಲಿರುವವರು, ಸಾರಂಗ; ಟಾರ್ಗೇರಿಯನ್ ಗಾದಿ ಕಳಕೊಂಡವರು, ಡ್ರ್ಯಾಗನ್. ಜಾನ್ ಸ್ನೋ ಮಾತ್ರ ಸ್ಟಾರ್ಕ್ ಮನೆಯಲ್ಲಿದ್ದೂ ಸ್ನೋ ಯಾಕೆ ಎಂದರೆ, ಉತ್ತರದಲ್ಲಿ ದೊಡ್ಡ ಮನೆತನದವರಿಗೆ ಮದುವೆಯ ಹೊರಗೆ ಹುಟ್ಟಿದ ಮಕ್ಕಳಿಗೆಲ್ಲ ಅದೇ ಅಡ್ಡಹೆಸರು. ದಕ್ಷಿಣದ ಡೋರ್ನ್‌ನಲ್ಲಿ ಅಂಥವರು ಸ್ಯಾಂಡ್. ಅಲ್ಲಿ ಹಿಮ, ಇಲ್ಲಿ ಮರಳು. ಅಡ್ಡಹೆಸರು ಕೇಳಿದ ಕೂಡಲೇ ಹುಟ್ಟಿದ ಸೀಮೆ ಯಾವುದು, ಹುಟ್ಟು ಯಾವ ಬಗೆಯದು, ಎರಡೂ ತಿಳಿಯುತ್ತವೆ.

ಎರಡನೆಯ ಉಪಾಯ ಇನ್ನೂ ಸುಲಭ. ಟೈಟಲ್ ಹಾಡು ಬಂದಾಗ ಸ್ಕಿಪ್ ಒತ್ತಬೇಡಿ. ಆ ನಕ್ಷೆ ಎಲ್ಲ ಎಪಿಸೋಡಿಗೂ ಒಂದೇ ಅಲ್ಲ. ಕಥೆ ಯಾವ ಊರುಗಳಿಗೆ ಹೋಗುತ್ತದೆಯೋ ಅವು ನಕ್ಷೆಯ ಮೇಲೆ ಹಲ್ಲುಚಕ್ರ ತಿರುಗಿ ಎದ್ದು ನಿಲ್ಲುತ್ತವೆ. ದೂತಿಯ ಕೆಲಸ ಅಷ್ಟರಮಟ್ಟಿಗೆ ಅಲ್ಲಿ ನಡೆಯುತ್ತದೆ. ಆ ನಕ್ಷೆಯಲ್ಲಿ ಬರುವ ಹಿಮದ ಗೋಡೆಯ ಎತ್ತರ 700 ಅಡಿ. ವಿಜಯಪುರದ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಒಂದರ ಮೇಲೊಂದು ನಾಲ್ಕು ಇಟ್ಟರೂ ಗೋಡೆಯ ತುದಿ ಒಂದಿಷ್ಟು ಮೇಲೆಯೇ ಉಳಿಯುತ್ತದೆ. ಕಾವಲಿನ ಹುಡುಗರು ಆ ತುದಿಯಿಂದ ಕೆಳಗೆ ನೋಡುವಾಗ ಈ ಲೆಕ್ಕ ನೆನಪಿದ್ದರೆ ಅಂಗಾಲು ಜುಮ್ಮೆನ್ನುತ್ತದೆ.

ಮೆಚ್ಚುಗೆಗೆ ಕಾರಣ ಡ್ರ್ಯಾಗನ್ ಅಲ್ಲ. ಮೊದಲ ನಾಲ್ಕು ಸೀಸನ್ನಿನಲ್ಲಿ ಯಾರು ಏನು ಮಾಡಿದರೂ ಅದರ ಬಾಕಿ ತೀರಿಸಲೇಬೇಕು. ಕೊಟ್ಟ ಮಾತು ಮುರಿದರೆ ಮೂರು ಎಪಿಸೋಡ್ ಬಿಟ್ಟಾದರೂ ಬಡ್ಡಿ ಸಮೇತ ವಸೂಲಿ. ಒಳ್ಳೆಯವನೆಂದು ರಿಯಾಯಿತಿ ಇಲ್ಲ. ಸೀಸನ್ನಿನ 9ನೇ ಎಪಿಸೋಡ್ ಬಂದರೆ ಹುಷಾರು: 1, 2, 3, 6ನೇ ಸೀಸನ್ನುಗಳ ದೊಡ್ಡ ಪೆಟ್ಟು ಬೀಳುವುದು 9ರಲ್ಲೇ, 10ರಲ್ಲಿ ಬೂದಿ ಕೆದಕುವುದು. 8ನೆಯದನ್ನು ಶುಕ್ರವಾರ ಮುಗಿಸಿ, 9 ಮತ್ತು 10ನ್ನು ಶನಿವಾರ ರಾತ್ರಿ ಒಟ್ಟಿಗೆ ಇಟ್ಟುಕೊಳ್ಳಿ.

ಕೆಟ್ಟದ್ದು ಎಲ್ಲಿ, ಯಾಕೆ? ಮೂಲದ ಐದು ಪುಸ್ತಕಗಳು 1996ರಿಂದ 2011ರವರೆಗೆ ಬಂದು ನಿಂತಿವೆ; ಆರನೇ ಸೀಸನ್ನಿನ ಹೊತ್ತಿಗೆ ಟಿವಿ ಪುಸ್ತಕವನ್ನು ದಾಟಿತ್ತು. ಆಮೇಲೆ ಎಪಿಸೋಡುಗಳೂ ಹತ್ತರಿಂದ ಏಳಕ್ಕೆ, ಆರಕ್ಕೆ ಇಳಿದವು. ದೂರಗಳು ಮಾಯವಾದದ್ದೇ ದೊಡ್ಡ ನಷ್ಟ. ಮೊದಲ ಎಪಿಸೋಡಿನಲ್ಲಿ ರಾಣಿ ಗಂಡನಿಗೆ, ದಾರಿ ನಡೆದು ಒಂದು ತಿಂಗಳಾಯಿತು ಎಂದು ಸಿಡುಕುತ್ತಾಳೆ. ಆ ಒಂದು ಸಾಲಿನಿಂದ ರಾಜ್ಯದ ಅಗಲ, ರಾಜನ ಬೇಸರ, ಗಂಡಹೆಂಡಿರ ಸಂಬಂಧ ಮೂರೂ ತಿಳಿಯುತ್ತವೆ. ಏಳನೇ ಸೀಸನ್ನಿನ 6ನೇ ಎಪಿಸೋಡಿಗೆ ಬಂದರೆ ಗೋಡೆಯಾಚೆ ಸಿಕ್ಕಿಬಿದ್ದವರ ಸುದ್ದಿ ಹಕ್ಕಿಯ ಕಾಲಿಗೆ ಕಟ್ಟಿ ಹಾರಿಸುತ್ತಾರೆ. ಹಕ್ಕಿ ಇಡೀ ರಾಜ್ಯ ದಾಟಿ, ಸಹಾಯ ವಾಪಸ್ ಬರುವುದು ಅವರು ಅಲ್ಲಿ ನಿಂತಿರುವಾಗಲೇ. ದಾರಿಯೇ ಇಲ್ಲದ ಮೇಲೆ ದಾರಿಯಲ್ಲಿ ಆಗುತ್ತಿದ್ದ ಜಗಳ, ಗೆಳೆತನ, ಮನಸ್ಸು ಬದಲಾಗುವುದು ಒಂದಕ್ಕೂ ಜಾಗ ಉಳಿಯಲಿಲ್ಲ. ಎಂಟನೆಯ ಸೀಸನ್ನಿನಲ್ಲಿ ಪಾತ್ರಗಳು ದಿಢೀರ್ ಬದಲಾಗುತ್ತವೆ ಎಂಬ ದೂರಿನ ಬೇರು ಅಲ್ಲಿದೆ.

ನಿಲ್ಲಿಸಬೇಕೆಂದರೆ ಆರನೇ ಸೀಸನ್ನಿನ 10ನೇ ಎಪಿಸೋಡ್ ಒಳ್ಳೆಯ ಕಟ್ಟೆ. ಅದರ ಮೊದಲ ಇಪ್ಪತ್ತು ನಿಮಿಷಗಳಷ್ಟನ್ನು ಶಬ್ದಕ್ಕಾಗಿಯೇ ಇನ್ನೊಮ್ಮೆ ನೋಡಬಹುದು. ಸಂಗೀತ ಕೊಟ್ಟ ರಾಮಿನ್ ಜವಾದಿ ಅಲ್ಲಿಯವರೆಗೆ ಈ ಸೀರೀಸ್‌ನಲ್ಲಿ ಪಿಯಾನೊ ಮುಟ್ಟಿರಲಿಲ್ಲ. ಎಲ್ಲರೂ ಬಟ್ಟೆ ಹಾಕಿಕೊಂಡು ಹೊರಡುತ್ತಿದ್ದಾರೆ, ಅಷ್ಟೇ ಕಾಣುವುದು. ಪಿಯಾನೊ ಒಂದೊಂದೇ ಮನೆ ಒತ್ತುತ್ತದೆ, ಏನೋ ಸರಿಯಿಲ್ಲ ಎಂದು ಕಿವಿಗೆ ಮೊದಲು ಗೊತ್ತಾಗುತ್ತದೆ.

ಹೌಸ್ ಆಫ್ ದಿ ಡ್ರ್ಯಾಗನ್ ಮೊದಲು ನೋಡಿದರೆ?

ಕಥೆಯ ಕಾಲ ಹಿಂದಿನದು ಎಂದು ಇದನ್ನೇ ಮೊದಲು ಹಚ್ಚುವವರಿದ್ದಾರೆ. ಬೇಡ. ಟಾರ್ಗೇರಿಯನ್ ಮನೆತನ ಮುಂದೆ ಏನಾಗುತ್ತದೆ ಎಂದು ಗೊತ್ತಿದ್ದರೆ ಮಾತ್ರ ಇಲ್ಲಿನ ಅವರ ವೈಭವ ನೋಡಿ ಎದೆ ಭಾರವಾಗುವುದು. ಗೇಮ್ ಆಫ್ ಥ್ರೋನ್ಸ್‌ನ ನಾಲ್ಕು ಸೀಸನ್ ಆದರೂ ಮುಗಿಸಿ ಬನ್ನಿ.

ಎಡವುವ ಜಾಗ ಎರಡು. ರೆನೈರಾ, ರೆನಿಸ್, ರೆನಾ. ಏಗಾನ್, ಏಮಂಡ್, ಡೇಮನ್. ಇವರೆಲ್ಲ ಬೇರೆ ಬೇರೆ ಜನ, ಎಲ್ಲರ ಕೂದಲೂ ಬಿಳಿ. ಇನ್ನೊಂದು, ಮೊದಲ ಸೀಸನ್ನಿನ 5 ಮತ್ತು 6ನೇ ಎಪಿಸೋಡಿನ ನಡುವೆ ಹತ್ತು ವರ್ಷ ದಾಟುತ್ತದೆ. ಇಬ್ಬರು ನಾಯಕಿಯರ ನಟಿಯರೂ ಬದಲಾಗುತ್ತಾರೆ, ಗಂಡಸರು ಮಾತ್ರ ಹೆಚ್ಚುಕಡಿಮೆ ಅವರೇ. ನಡುವೆ ಒಂದು ವಾರ ಬಿಟ್ಟು 6ನೆಯದನ್ನು ಹಚ್ಚಿದವರು ಬೇರೆ ಸೀರೀಸ್ ಹಚ್ಚಿದೆವೇನೋ ಎಂದುಕೊಳ್ಳುತ್ತಾರೆ. 5, 6 ಬೆನ್ನು ಬೆನ್ನಿಗೆ ನೋಡಬೇಕು.

ಗಾದಿಗಾಗಿ ಒಂದೇ ಮನೆಯವರು ಹೊಡೆದಾಡುವ ಕಥೆ ಇದು, ಮಾಯಾಮಂತ್ರ ಬಹಳ ಕಡಿಮೆ. ಬಾದಾಮಿಯ ಚಾಲುಕ್ಯರನ್ನು ಬಲ್ಲವರಿಗೆ ಒಳಗಿನ ನೋವು ಕೂಡಲೇ ತಾಗುತ್ತದೆ. ಮೂರನೇ ಗುಹೆಯ 578ರ ಶಾಸನ ಓದಿದರೆ ಮಂಗಲೇಶನಿಗೆ ಅಣ್ಣ ಕೀರ್ತಿವರ್ಮನ ಮೇಲೆ ಎಂಥ ಭಕ್ತಿ ಎನಿಸುತ್ತದೆ. ಅಣ್ಣ ತೀರಿದ ಮೇಲೆ ಮಗ ಸಣ್ಣವನೆಂದು ಅದೇ ಮಂಗಲೇಶ ರಾಜ್ಯ ನೋಡಿಕೊಂಡ. ಹುಡುಗ ದೊಡ್ಡವನಾದಾಗ ಪಟ್ಟವನ್ನು ತನ್ನ ಮಗನಿಗೆ ತಿರುಗಿಸಲು ನೋಡಿದ. ಹುಡುಗ ದಂಡು ಕಟ್ಟಿಕೊಂಡು ಬಂದು ಕಾಕಾನನ್ನು ಸೋಲಿಸಿದ. ಅವನೇ ಇಮ್ಮಡಿ ಪುಲಕೇಶಿ. ನಮಗೆ ಇದು ತಿಳಿದಿರುವುದು ಐಹೊಳೆಯಲ್ಲಿ ರವಿಕೀರ್ತಿ 634ರಲ್ಲಿ ಬರೆದ ಶಾಸನದಿಂದ, ಅಂದರೆ ಗೆದ್ದವನ ಆಸ್ಥಾನಕವಿಯಿಂದ. ಮಂಗಲೇಶನ ಕಡೆಯ ಮಾತು ಕಲ್ಲಿನಲ್ಲಿ ಉಳಿದಿಲ್ಲ. ಹೌಸ್ ಆಫ್ ದಿ ಡ್ರ್ಯಾಗನ್‌ನ ಮೂಲ ಪುಸ್ತಕದ ಮಜವೂ ಇದೇ. ಅದು ಕಾದಂಬರಿಯಂತಿಲ್ಲ, ಒಬ್ಬ ಪಂಡಿತ ಬರೆದ ಇತಿಹಾಸದಂತಿದೆ. ಒಂದೇ ಸಾವಿಗೆ ಪೂಜಾರಿ ಒಂದು ಹೇಳುತ್ತಾನೆ, ಆಸ್ಥಾನದ ವಿದೂಷಕ ಇನ್ನೊಂದು ಹೇಳುತ್ತಾನೆ. ಟಿವಿಯವರು ಹಲವು ಕಡೆ ಮೂರನೆಯದನ್ನೇ ತೋರಿಸಿ, ಅವರಿಬ್ಬರಿಗೂ ಖರೇ ಸಂಗತಿ ಗೊತ್ತಿರಲಿಲ್ಲ ಎನ್ನುತ್ತಾರೆ. ಎರಡು ಸೀಸನ್ನಿಗೆ 18 ಎಪಿಸೋಡ್. ಎರಡನೆಯದು (2024) ಯುದ್ಧ ಬರುತ್ತದೆ, ಬರುತ್ತದೆ ಎನ್ನುತ್ತಲೇ ಎಂಟಕ್ಕೆ ಮುಗಿಯುತ್ತದೆ. 4ನೇ ಎಪಿಸೋಡ್ ಮಾತ್ರ ಹಸಿವು ತೀರಿಸುತ್ತದೆ.

ಕನ್ನಡದಲ್ಲಿ ಕೇಳಬೇಕೋ, ಮೂಲದಲ್ಲೋ?

ಕನ್ನಡಕ್ಕೆ ಡಬ್ಬಿಂಗ್ ಕೂಡದು ಎಂಬ ಕಟ್ಟುಪಾಡು ದಶಕಗಟ್ಟಲೆ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟಮೇಲೆ ಸಡಿಲವಾಯಿತು. ಹಾಗಾಗಿ ಹಳೆಯ ಸೀರೀಸ್‌ಗಳಲ್ಲಿ ಕನ್ನಡ ಹುಡುಕಿದರೆ ನಿರಾಶೆಯೇ. ರಿಂಗ್ಸ್ ಆಫ್ ಪವರ್ ಕನ್ನಡ ಧ್ವನಿಯಲ್ಲಿ ಬಂದಿದೆ. ಇಂಗ್ಲಿಷ್ ಬಾರದ ಹಿರಿಯರು ಮನೆಯಲ್ಲಿದ್ದರೆ ಇದೊಂದೇ ಕಾರಣಕ್ಕೆ ಅದನ್ನು ಮೊದಲು ಹಚ್ಚಬಹುದು. ನಡಿಗೆ ನಿಧಾನ, ನಾಲ್ಕು ಕಡೆಯ ಕಥೆಗಳಲ್ಲಿ ಎರಡು ಒಂದಾಗುವುದಕ್ಕೇ ಆರು ಎಪಿಸೋಡ್ ಬೇಕು. ಆದರೆ ಬೆಳಕಿದೆ, ಬಯಲಿದೆ, ಸಮುದ್ರವಿದೆ. ದೊಡ್ಡ ಟಿವಿಗೆ ಇಷ್ಟು ಒಪ್ಪುವ ಸೀರೀಸ್ ಈ ಪಟ್ಟಿಯಲ್ಲಿ ಬೇರೆ ಇಲ್ಲ.

ಗೇಮ್ ಆಫ್ ಥ್ರೋನ್ಸ್ ಮಾತ್ರ ಮೂಲ ಧ್ವನಿಯಲ್ಲೇ ನೋಡಬೇಕು, ಸಬ್‌ಟೈಟಲ್ ಹಾಕಿಕೊಂಡು. ನೆಡ್ ಸ್ಟಾರ್ಕ್, ರಾಬ್, ಜಾನ್ ಆಡುವುದು ಉತ್ತರ ಇಂಗ್ಲೆಂಡಿನ ಒರಟು ಮಾತು. ಲ್ಯಾನಿಸ್ಟರುಗಳದು ರಾಜಧಾನಿಯ ನಯದ ಮಾತು. ಆ ಅಂತರ ಬೆಳಗಾವಿಯವನು ಬೆಂಗಳೂರಿನ ಕಚೇರಿಗೆ ಹೋಗಿ ಬಾಯಿ ಬಿಟ್ಟಾಗಿನ ಅಂತರ. ಡಬ್ಬಿಂಗ್‌ನಲ್ಲಿ ಇಬ್ಬರೂ ಒಂದೇ ಪುಸ್ತಕದ ಭಾಷೆ ಆಡಿಬಿಡುತ್ತಾರೆ. ಇನ್ನು ಮೂರನೇ ಸೀಸನ್ನಿನ ಮೊದಲ ಎಪಿಸೋಡಿನಿಂದ ಬರುವ ಅಸ್ಟಪೋರ್ ಪೇಟೆಯ ದೃಶ್ಯಗಳು. ಗುಲಾಮರ ವ್ಯಾಪಾರಿ ಎದುರಿಗಿರುವ ಟಾರ್ಗೇರಿಯನ್ ಮನೆಯ ಡೆನೇರಿಸಳನ್ನು ತನ್ನ ಭಾಷೆಯಲ್ಲಿ ಬಾಯಿಗೆ ಬಂದಂತೆ ಬೈಯುತ್ತಾನೆ. ಪಕ್ಕದ ದುಭಾಷಿ ಹುಡುಗಿ ಮುಖದ ಗೆರೆ ಅಲ್ಲಾಡಿಸದೆ ಅದನ್ನು ಮರ್ಯಾದೆಯ ಮಾತಾಗಿಸಿ ಹೇಳುತ್ತಾಳೆ. ಬೈಗುಳ ಓದುವುದು ನಾವು, ನಯ ಕೇಳುವುದೂ ನಾವು. ಕನ್ನಡ–ಮರಾಠಿ ಎರಡೂ ಬಲ್ಲ ಬೆಳಗಾವಿ ಪೇಟೆಯವರಿಗೆ ಈ ಆಟ ಹೇಳಿಕೊಡಬೇಕಾಗಿಲ್ಲ. ಎದುರಿನವರಿಗೆ ಯಾವ ಭಾಷೆ ಬರುತ್ತದೆ ಎಂದು ತಿಳಿಯದೆ ಬಾಯಿ ಬಿಡುವುದರ ಬೆಲೆ 4ನೇ ಎಪಿಸೋಡಿನಲ್ಲಿ ತಿಳಿಯುತ್ತದೆ.

ಸಬ್‌ಟೈಟಲ್ ಆರಿಸುವಾಗ ಒಂದು ಸಣ್ಣ ಮಾತು. ಕಿವಿ ಕೇಳದವರಿಗಾಗಿ ಮಾಡಿದ್ದರಲ್ಲಿ ಬಾಗಿಲು ಕಿರುಗುಟ್ಟಿತು, ಕುದುರೆ ಕೆನೆಯಿತು ಎಂಬುದೂ ಬರುತ್ತದೆ. ಅದು ಬೇಡವಾದರೆ ಬರೀ ಇಂಗ್ಲಿಷ್ ಎಂದಿರುವುದನ್ನು ಹಾಕಿ. ಅಕ್ಷರಕ್ಕೆ ಹಳದಿ ಬಣ್ಣ ಕೊಟ್ಟರೆ ಹಿಮದ ದೃಶ್ಯದಲ್ಲೂ ಓದಲು ಬರುತ್ತದೆ.

ಪರದೆ ಕಪ್ಪಾಗಿ ಏನೂ ಕಾಣದಿದ್ದರೆ

ಗೇಮ್ ಆಫ್ ಥ್ರೋನ್ಸ್‌ನ ಎಂಟನೇ ಸೀಸನ್ನಿನ 3ನೇ ಎಪಿಸೋಡ್ 82 ನಿಮಿಷದ ರಾತ್ರಿ ಯುದ್ಧ. 2019ರಲ್ಲಿ ಅದು ಬಂದ ದಿನ ಏನೂ ಕಾಣಲಿಲ್ಲ ಎಂಬ ದೂರು ಜಗತ್ತಿನ ತುಂಬ ಎದ್ದಿತು. ಚಿತ್ರೀಕರಿಸಿದವರು ಬೇಕೆಂದೇ ಕತ್ತಲಿಟ್ಟಿದ್ದರು. ಆದರೆ ನೆಟ್ ಮೂಲಕ ಬರುವಾಗ ವಿಡಿಯೊವನ್ನು ಅದುಮಿ ಕಳಿಸುತ್ತಾರೆ. ಹಾಗೆ ಅದುಮುವಾಗ ಮೊದಲು ಹಾಳಾಗುವುದು ಕಪ್ಪಿನ ಸೂಕ್ಷ್ಮ ಛಾಯೆಗಳು. ಹೊಗೆಯ ಜಾಗದಲ್ಲಿ ಚೌಕ ಚೌಕ ಕಲೆ ಏಳುತ್ತವೆ. ಹೌಸ್ ಆಫ್ ದಿ ಡ್ರ್ಯಾಗನ್‌ನ ಮೊದಲ ಸೀಸನ್ನಿನ 7ನೇ ಎಪಿಸೋಡಿಗೂ ಇದೇ ಗತಿ.

ಟಿವಿಯ ಪಿಕ್ಚರ್ ಮೋಡ್ ವಿವಿಡ್‌ನಲ್ಲಿದ್ದರೆ ಮೂವಿ ಅಥವಾ ಸಿನೆಮಾಕ್ಕೆ ತನ್ನಿ. ಇಕೋ, ಎನರ್ಜಿ ಸೇವಿಂಗ್, ಕೋಣೆಯ ಬೆಳಕು ಅಳೆಯುವ ಸೆನ್ಸರ್, ಮೂರನ್ನೂ ಆಫ್ ಮಾಡಿ. ಕತ್ತಲೆಯ ದೃಶ್ಯದಲ್ಲಿ ಟಿವಿ ತನ್ನಷ್ಟಕ್ಕೆ ಮಂಕಾಗುವುದು ಇವುಗಳಿಂದ. ಆಮೇಲೆ ಬ್ಯಾಕ್‌ಲೈಟ್ ಹೆಚ್ಚಿಸಿ. ಬ್ರೈಟ್‌ನೆಸ್ ಎಂಬುದನ್ನು ಮುಟ್ಟಬೇಡಿ, ಬಹಳ ಟಿವಿಗಳಲ್ಲಿ ಅದು ಕಪ್ಪನ್ನು ಬೂದಿ ಬಣ್ಣಕ್ಕೆ ತರುತ್ತದೆ, ಅಷ್ಟೇ. ಮೋಷನ್ ಸ್ಮೂತಿಂಗ್ ತೆಗೆಯಿರಿ. ಅದಿದ್ದರೆ ಡ್ರ್ಯಾಗನ್ ಹಾರುವುದು ಸಂಜೆಯ ಧಾರಾವಾಹಿಯಂತೆ ಕಾಣುತ್ತದೆ. ಇಷ್ಟಾದರೂ ಚೌಕಗಳು ಉಳಿದರೆ ತಪ್ಪು ಟಿವಿಯದಲ್ಲ, ನೆಟ್ಟಿನದು. ವಿಜಯಪುರದ ಬಿಸಿಲಿಗೆ ಪರದೆ ಎಳೆದರೂ ಮಧ್ಯಾಹ್ನ ಈ ಎಪಿಸೋಡುಗಳನ್ನು ನೋಡಲಾಗುವುದಿಲ್ಲ. ರಾತ್ರಿ ಒಂಬತ್ತರ ಮೇಲೆ, ದೀಪ ಆರಿಸಿ.

ಮಾತು ಕೇಳಿಸದೆ ಸಂಗೀತ ಮಾತ್ರ ಕಿವಿಗೆ ಅಪ್ಪಳಿಸುತ್ತಿದ್ದರೆ ಆಡಿಯೊ 5.1ರಲ್ಲಿರುತ್ತದೆ. ಅದರಲ್ಲಿ ಮಾತು ನಡುವಿನ ಸ್ಪೀಕರಿಗೆಂದು ಇಟ್ಟದ್ದು, ನಮ್ಮ ಟಿವಿಗೆ ಇರುವುದು ಎರಡೇ. ಸ್ಟೀರಿಯೊ ಟ್ರ್ಯಾಕ್ ಇದ್ದರೆ ಅದಕ್ಕೆ ಬದಲಿಸಿ, ಇಲ್ಲದಿದ್ದರೆ ಟಿವಿಯ ಕ್ಲಿಯರ್ ವಾಯ್ಸ್ ಹಾಕಿ.

ಡೇಟಾ ಲೆಕ್ಕ ಹೀಗೆ: ಸಾಧಾರಣ ಗುಣಮಟ್ಟಕ್ಕೆ ತಾಸಿಗೆ ಸುಮಾರು 1 ಜಿಬಿ, ಎಚ್‌ಡಿಗೆ 3, 4ಕೆಗೆ 7. ಗೇಮ್ ಆಫ್ ಥ್ರೋನ್ಸ್ ಪೂರ್ತಿ ಸುಮಾರು 70 ತಾಸು, ಅಂದರೆ ಎಚ್‌ಡಿಯಲ್ಲಿ 210 ಜಿಬಿ. ದಿನಕ್ಕೆ 1.5 ಜಿಬಿಯ ಪ್ಯಾಕ್ ಇದ್ದವರಿಗೆ ಸಾಧಾರಣ ಗುಣಮಟ್ಟದಲ್ಲಿ ದಿನಕ್ಕೊಂದು ಎಪಿಸೋಡ್ ಸರಿಯಾಗಿ ಕೂಡುತ್ತದೆ. ಕತ್ತಲೆಯ ಎಪಿಸೋಡುಗಳನ್ನಷ್ಟೇ ವೈಫೈ ಇದ್ದಲ್ಲಿ ಎಚ್‌ಡಿಯಲ್ಲಿ ಇಳಿಸಿಟ್ಟುಕೊಳ್ಳಿ. ಫೋನಿನಲ್ಲಿ ಎಚ್‌ಡಿ ಎಂದು ಒತ್ತಿದರೂ ಮಸುಕಾಗಿ ಕಂಡರೆ ಆ ಫೋನಿನ ವೈಡ್‌ವೈನ್ (ವಿಡಿಯೊ ಕದಿಯದಂತೆ ಹಾಕುವ ಬೀಗ) ದರ್ಜೆ ನೋಡಿ. ಎಲ್3 ಇದ್ದರೆ ಹೆಚ್ಚಿನ ಆ್ಯಪ್‌ಗಳು ಎಚ್‌ಡಿ ಕೊಡುವುದೇ ಇಲ್ಲ. ಮೊಬೈಲ್‌ಗೆ ಮಾತ್ರ ಎಂದಿರುವ ಅಗ್ಗದ ಪ್ಲ್ಯಾನ್ ಟಿವಿಯಲ್ಲಿ ಓಡುವುದಿಲ್ಲ. ವರ್ಷದ ಚಂದಾ ಕಟ್ಟುವ ಮೊದಲು ಸೀರೀಸ್ ಅಲ್ಲಿ ಇನ್ನೂ ಇದೆಯೇ ಎಂದು ಹುಡುಕಿ ನೋಡಿ. ಗೇಮ್ ಆಫ್ ಥ್ರೋನ್ಸ್, ಹೌಸ್ ಆಫ್ ದಿ ಡ್ರ್ಯಾಗನ್ ತಯಾರಿಸಿದ ಎಚ್‌ಬಿಒದ ಸೀರೀಸ್‌ಗಳು 2023ರ ಮಾರ್ಚ್ ಕೊನೆಗೆ ಹಾಟ್‌ಸ್ಟಾರ್ ಬಿಟ್ಟು ಜಿಯೋಸಿನೆಮಾಕ್ಕೆ ಹೋದವು. 2025ರಲ್ಲಿ ಅವೆರಡೂ ಒಂದಾಗಿ ಜಿಯೋಹಾಟ್‌ಸ್ಟಾರ್ ಆಯಿತು.

ಕರೆಂಟಿನ ವಿಷಯ. 32 ಇಂಚಿನ ಎಲ್‌ಇಡಿ ಟಿವಿ ಎಳೆಯುವುದು 50 ವ್ಯಾಟ್ ಆಚೀಚೆ, ರೂಟರ್ 10. ಇನ್ವರ್ಟರಿಗೆ ಇದು ಭಾರವೇ ಅಲ್ಲ. ಆದರೆ ಹೆಸ್ಕಾಂ ಲೈನ್ ಹೋಗಿ ಇನ್ವರ್ಟರ್ ಹಿಡಿಯುವ ಕ್ಷಣದಲ್ಲಿ ರೂಟರ್ ಆರಿ ಮತ್ತೆ ಏಳಲು ಎರಡು ನಿಮಿಷ ತೆಗೆದುಕೊಳ್ಳುತ್ತದೆ. ರೂಟರಿಗೆಂದೇ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ, ಅದನ್ನು ಕೂಡಿಸಿದರೆ ಈ ಕಾಟ ಇಲ್ಲ. ಅದಿಲ್ಲದವರು ಗೇಮ್ ಆಫ್ ಥ್ರೋನ್ಸ್ ಸೀಸನ್ನಿನ 9ನೇ ಎಪಿಸೋಡನ್ನು ಮಧ್ಯಾಹ್ನವೇ ಫೋನಿಗೆ ಇಳಿಸಿಟ್ಟುಕೊಳ್ಳಲಿ. ಇಳಿಸಿದ್ದಕ್ಕೂ ಅವಧಿ ಇರುತ್ತದೆ, ಕೆಲವು ಒಮ್ಮೆ ಹಚ್ಚಿದ ಮೇಲೆ 48 ತಾಸಿಗೆ ಅಳಿಸಿಹೋಗುತ್ತವೆ. ಹಾಗಾಗಿ ಇಳಿದಿದೆಯೋ ಇಲ್ಲವೋ ನೋಡುವ ನೆವದಲ್ಲಿ ಆರಂಭದ ಐದು ನಿಮಿಷ ಹಚ್ಚಿ ಬಿಡಬೇಡಿ.